ಎರಡು ಸೈಜ್ ದೊಡ್ಡದು

"ತಿಂತೇನ?" ಎಂದು ಅಮ್ಮ ಬಾಗಿಲ ಹೊರಗೆ ನಿಂತೇ ಕೇಳಿದಳು. ಸೆರಗು ಮೂಗಿನ ಮೇಲಿತ್ತು.

"ಇಲ್ಲ. ನೀ ಮಾತಾಡಬ್ಯಾಡ ಅಮ್ಮಾ, ಅವನಿಗೆ ಡಿಸ್ಟರ್ಬ್ ಆಗ್ತದ."

ಅಪೂರ್ವಾಳ ಕೈಯಲ್ಲಿ ಒಂದು ಚಿಮಟ ಇತ್ತು. ಅದು ಅವಳ ಅಪ್ಪ ಮೂಗಿನ ಕೂದಲು ಕೀಳಲು ಇಟ್ಟುಕೊಂಡಿದ್ದ ಚಿಮಟ. ಅಪ್ಪನಿಗೆ ಈ ವಿಷಯ ಇನ್ನೂ ಗೊತ್ತಿರಲಿಲ್ಲ. ಚಿಮಟದ ತುದಿಯಲ್ಲಿ ಗೋಡಂಬಿಯಷ್ಟು ದೊಡ್ಡ, ಗುಲಾಬಿ ಬಣ್ಣದ ಒಂದು ಇಲಿಮರಿ ನೇತಾಡುತ್ತಿತ್ತು. ಹೆದರಬೇಡಿ, ಅದು ಸತ್ತದ್ದು. ಫ್ರೀಜರಿನಿಂದ ತೆಗೆದು ಬಿಸಿನೀರಿನಲ್ಲಿ ಅದ್ದಿ ತಂದದ್ದು.

ಅವಳ ಮುಂದೆ ಮೂರೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್ ಇತ್ತು. ಟ್ಯಾಂಕಿನ ಒಂದು ಮೂಲೆಯಲ್ಲಿ, ಕಿತ್ತಳೆ ಬಣ್ಣದ ಪುಟ್ಟ ಹಾವೊಂದು ಗೋಡೆಗೆ ಅಂಟಿಕೊಂಡು ಕುಳಿತಿತ್ತು. ಇಲಿಮರಿ ಹತ್ತಿರ ಬಂದಾಗ ಅದು ತಲೆ ಹಿಂದಕ್ಕೆ ಎಳೆದುಕೊಂಡಿತು. ಇನ್ನೂ ಹತ್ತಿರ ಬಂದಾಗ ಮುಖವನ್ನೇ ಆ ಕಡೆ ತಿರುಗಿಸಿತು. ಹಾಗಲಕಾಯಿ ಪಲ್ಯ ಬಡಿಸಿದಾಗ ಅಪೂರ್ವಾ ಮಾಡುವುದೂ ಹಾಗೆಯೇ.

"ಪೆನ್ಸಿಲ್, ಪ್ಲೀಸ್. ಒಂದೇ ಒಂದು," ಎಂದು ಅವಳು ಗೋಗರೆದಳು.

ಪೆನ್ಸಿಲ್ ಎಂಬುದು ಅವಳು ಇಟ್ಟ ಹೆಸರು. ಮೂರು ತಿಂಗಳ ಮರಿ ಅದು. ಪೆನ್ಸಿಲ್ಲಿನಷ್ಟೇ ದಪ್ಪ, ಶಾಲೆಯ ಸ್ಕೇಲಿಗಿಂತ ಎರಡು ಬೆರಳು ಉದ್ದ. ಹೋದ ಭಾನುವಾರವೂ ಅದು ತಿಂದಿರಲಿಲ್ಲ. ಇಂದೂ ತಿನ್ನಲಿಲ್ಲ.

ಹಾವು ಅವಳದಲ್ಲ. ಶ್ರೀಕರ ಮಾಮಾನದು. ಮಾಮಾ ಅಂದರೆ ಅಮ್ಮನ ಚಿಕ್ಕಮ್ಮನ ಮಗ. ಅದೇ ಊರಿನ ಐಟಿ ಬಡಾವಣೆ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದ. ಅವನ ಆಫೀಸಿಗೆ ಬಂದಿದ್ದ ವಿದೇಶಿ ಸಾಹೇಬರೊಬ್ಬರು ವಾಪಸ್ ಹೋಗುವಾಗ ಈ ಕಾರ್ನ್ ಸ್ನೇಕ್ ಮರಿಯನ್ನು ಅವನಿಗೆ ಕೊಟ್ಟುಹೋಗಿದ್ದರು. ಈಗ ಮಾಮಾನನ್ನು ಐದು ವಾರ ಆನ್‌ಸೈಟ್ ಎಂದು ಅಮೆರಿಕಕ್ಕೆ ಕಳಿಸಿದ್ದರು. ಹೋಗುವ ಹಿಂದಿನ ದಿನ ಅವನು ವಿಮಾನ ನಿಲ್ದಾಣದ ಪಕ್ಕದ ಬಡಾವಣೆ ಡಮ್ ಡಮ್‌ನಲ್ಲಿದ್ದ ಅಪೂರ್ವಾಳ ಮನೆಗೆ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಬಂದ.

"ವಿಷ ಇಲ್ಲ ಅಕ್ಕಾ. ಕಚ್ಚಂಗೂ ಇಲ್ಲ. ಐದೇ ವಾರ," ಎಂದ.

ಅಪ್ಪ ಪ್ರಾಣೇಶರು ವಿಮಾನ ನಿಲ್ದಾಣದಲ್ಲಿ ಅಧಿಕಾರಿ. ದಿನವೂ ನೂರು ವಿಮಾನ ನೋಡಿದರೂ ಹೆದರದವರು, ಡಬ್ಬಿ ನೋಡಿದ್ದೇ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು. "ನಂದೇನೂ ಅಭ್ಯಂತರ ಇಲ್ಲ. ನಿಮ್ಮಕ್ಕನ ಕೇಳು," ಎಂದು ಪೇಪರಿನ ಹಿಂದೆ ಅಡಗಿದರು.

ಅಪೂರ್ವಾ ಅಮ್ಮನ ಕೈ ಹಿಡಿದಳು, ಕಾಲು ಹಿಡಿದಳು, ದೇವರ ಮೇಲೆ ಆಣೆ ಇಟ್ಟಳು. "ಎಲ್ಲಾ ರೆಸ್ಪಾನ್ಸಿಬಿಲಿಟಿ ನಂದು. ಅದಕ್ಕೆ ಏನಾದ್ರೂ ಆದ್ರ ನನ್ನ ಕೇಳು."

ಕೊನೆಗೆ ಅಮ್ಮ ರಾಜಲಕ್ಷ್ಮಿ ಎರಡು ಷರತ್ತು ಹಾಕಿದಳು. ಮೊದಲನೆಯದು, ಇಲಿಮರಿಗಳು ತನ್ನ ಫ್ರಿಜ್ಜಿನಲ್ಲಿ ಇರಕೂಡದು. ಈರುಳ್ಳಿಯನ್ನೇ ಬೇರೆ ಬುಟ್ಟಿಯಲ್ಲಿ ಇಡುವ ಮನೆ ಅದು. ಹಾಗಾಗಿ ಆರು ಇಲಿಮರಿಗಳು ಕೆಳಗಿನ ಮನೆಯ ಬಂಗಾಳಿ ಹೆಂಗಸು ಮಿತ್ರಾ ಮಾಶಿಯ ಫ್ರೀಜರಿಗೆ ಹೋದವು. ಅಲ್ಲಿ ಇಲಿಶ್ ಮೀನಿನ ತುಂಡುಗಳ ಪಕ್ಕ ಅವಕ್ಕೆ ಜಾಗ ಸಿಕ್ಕಿತು. ಮಾಶಿಗೆ ಏನೂ ಅನ್ನಿಸಲಿಲ್ಲ. ಲೇಬಲ್ ಹಚ್ಚು, ನನ್ನ ಗಂಡ ಹುರಿದುಕೊಂಡಾರು ಎಂದಳು, ಅಷ್ಟೇ.

ಎರಡನೆಯ ಷರತ್ತು ಡಬ್ಬಿಯ ಬಗ್ಗೆ.

"ಇದೇನೋ ಶ್ರೀಕರಾ, ಬೂಟಿನ ಡಬ್ಬಿಕಿಂತ ಸಣ್ಣದು ಅದ. ನಾಗಪ್ಪನ್ನ ಇದರಾಗ ತುರುಕೀಯಲ್ಲೋ, ಪಾಪ. ಬೆಳಿಯೋ ಮರಿ ಅದು."

ಮಾಮಾ ಏನೋ ಹೇಳಲು ಹೋದ. ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು, ಕೆಳಗೆ ಆಫೀಸಿನ ಗಾಡಿ ಹಾರ್ನ್ ಹೊಡೆಯಿತು. "ಎಲ್ಲಾ ಇದರಾಗ ಬರದೀನಿ," ಎಂದು ನಾಲ್ಕು ಹಾಳೆಯ ಪ್ರಿಂಟೌಟ್ ಅಪೂರ್ವಾಳ ಕೈಗೆ ತುರುಕಿ ಓಡಿಹೋದ. ಮೇಲೆ 'ಯೂಸರ್ ಮ್ಯಾನ್ಯುಯಲ್' ಎಂದಿತ್ತು. ಸಾಫ್ಟ್‌ವೇರಿನವರು ಹಾವಿಗೂ ಮ್ಯಾನ್ಯುಯಲ್ ಬರೆಯುತ್ತಾರೆ ನೋಡಿ.

ಅವನ ಗಾಡಿ ಮೂಲೆ ತಿರುಗುವ ಮೊದಲೇ ಅಮ್ಮ ಅಟ್ಟದಿಂದ ಅಪ್ಪನ ಹಳೆಯ ಮೀನಿನ ಟ್ಯಾಂಕ್ ಇಳಿಸಿದ್ದಳು. ಅದರಲ್ಲಿದ್ದ ಮೀನುಗಳು ಅಪ್ಪನ ಪ್ರೀತಿ ತಾಳಲಾರದೆ ಎಂದೋ ಸತ್ತಿದ್ದವು. ಪ್ಲಾಸ್ಟಿಕ್ ಡಬ್ಬಿ ತೊಳೆಸಿಕೊಂಡು ಬಾಲ್ಕನಿಗೆ ಹೋಗಿ, ಬಟ್ಟೆ ಕ್ಲಿಪ್ಪಿನ ಡಬ್ಬಿಯಾಯಿತು.

ಇಲ್ಲಿ ಅಮ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮ್ಮನಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಅಳತೆ, ಎರಡು ಸೈಜ್ ದೊಡ್ಡದು. ಅಪೂರ್ವಾಳ ಸ್ಕರ್ಟಿನ ಅಂಚು ನಾಲ್ಕು ಬೆರಳು ಮಡಚಿ ಹೊಲಿದದ್ದು. ಅವಳ ರೇನ್‌ಕೋಟ್ ನೋಡಿದರೆ ಒಳಗೆ ಹುಡುಗಿ ಇದ್ದಾಳೆಂದು ಗೊತ್ತೇ ಆಗುತ್ತಿರಲಿಲ್ಲ, ರೇನ್‌ಕೋಟೇ ಶಾಲೆಗೆ ಹೊರಟ ಹಾಗಿತ್ತು. ಕಾಲು ಎರಡು ನಂಬರ್, ಬೂಟು ನಾಲ್ಕು ನಂಬರ್. ಅದನ್ನು ಕೊಂಡದ್ದು ಹೋದ ವರ್ಷದ ದುರ್ಗಾ ಪೂಜೆಗೆ. ಕೇಳಿದರೆ ಒಂದೇ ಉತ್ತರ, "ಬೆಳಿಯೋ ಕಾಲು."

ಆ ಬೂಟು ಮಾಡಿದ ಮಾನಗೇಡಿ ಕೆಲಸ ಕೇಳಿ. ಪೆನ್ಸಿಲ್ ಬಂದ ಮರುದಿನ ಶಾಲೆಯಲ್ಲಿ ಆಗಸ್ಟ್ ಹದಿನೈದರ ಮಾರ್ಚ್ ಪಾಸ್ಟ್ ಪ್ರಾಕ್ಟೀಸ್ ಇತ್ತು. ಅಪೂರ್ವಾ ಮೊದಲ ಸಾಲಿನಲ್ಲಿದ್ದಳು. "ಲೆಫ್ಟ್, ರೈಟ್, ಲೆಫ್ಟ್" ಎಂದಾಗ ಜೋರಾಗಿ ಕಾಲು ಎತ್ತಿದಳು. ಕಾಲು ಕೆಳಗೆ ಬಂತು, ಬೂಟು ಬರಲಿಲ್ಲ. ಅದು ಗಾಳಿಯಲ್ಲಿ ಹಾರಿ ಪ್ರಿನ್ಸಿಪಾಲ್ ಮೇಡಂ ಪಾದದ ಬಳಿ ಹೋಗಿ ಬಿತ್ತು. ಇಡೀ ಫೈವ್ ಬಿ ನಕ್ಕಿತು. ಮೇಡಂ ನಗಲಿಲ್ಲ. "ಇನ್ನೊಮ್ಮೆ ಹಾರಿದರೆ ನೀನು ಕೊನೆಯ ಸಾಲು," ಎಂದರು.

ಸಂಜೆ ಅಳುತ್ತ ಬಂದು ಹೇಳಿದಾಗ ಅಮ್ಮ ಹೊಸ ಬೂಟು ಕೊಡಿಸಲಿಲ್ಲ. ಕೈಗೆ ಸಿಕ್ಕಿದ ಕಾಗದ ಮುದುರಿ ಎರಡೂ ಬೂಟಿನ ತುದಿಗೆ ಇನ್ನಷ್ಟು ತುರುಕಿದಳು. "ಈಗ ಹಾರಂಗಿಲ್ಲ ತಗೋ."

ಹೀಗೆ ಒಂದೇ ಮನೆಯಲ್ಲಿ ಎರಡು ಜೀವಗಳು ಎರಡು ಸೈಜ್ ದೊಡ್ಡದರಲ್ಲಿ ಬದುಕುತ್ತಿದ್ದವು.

ಮ್ಯಾನ್ಯುಯಲ್ಲನ್ನು ಅಪೂರ್ವಾ ಬಾಯಿಪಾಠ ಮಾಡಿದ್ದಳು. ಒಂದನೇ ಪುಟದಲ್ಲಿ ನೀರು, ಶಾಖ. ಮೂರನೇ ಪುಟದಲ್ಲಿ ಊಟ. ನಾಲ್ಕರಲ್ಲಿ ಕಾಯಿಲೆ. ಎರಡನೇ ಪುಟ ಮಾತ್ರ ಇರಲೇ ಇಲ್ಲ. ಅವಸರದಲ್ಲಿ ಮಾಮಾ ಪ್ರಿಂಟ್ ತೆಗೆಯುವುದನ್ನು ಮರೆತಿರಬೇಕು ಎಂದುಕೊಂಡಳು. ಮೂರನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ಮರಿ ಸತತವಾಗಿ ಮೂರು ಸಲ ಊಟ ಬಿಟ್ಟರೆ ಅಪಾಯ.

ಎರಡು ಸಲ ಆಗಿಹೋಗಿತ್ತು. ಅಪ್ಪ ಆಫೀಸಿನಿಂದ ಮಾಮಾನಿಗೆ ಮೇಲ್ ಹಾಕಿದರು. ಉತ್ತರ ಬರಲಿಲ್ಲ.

ಮರುದಿನ ನಾಗರ ಪಂಚಮಿ. ಅಮ್ಮ ಟ್ಯಾಂಕಿನ ಗಾಜಿಗೇ ಅರಿಶಿನ ಕುಂಕುಮ ಹಚ್ಚಿ ಹೂ ಇಟ್ಟಳು. ಕೈ ಮುಗಿದು ಬಹಳ ಹೊತ್ತು ನಿಂತಳು. "ನಮ್ಮ ಮನ್ಯಾಗ ಉಪವಾಸ ಬೀಳಬ್ಯಾಡಪ್ಪಾ. ನಿನಗ ಏನು ಕಡಿಮಿ ಮಾಡೀನಿ ಹೇಳು. ಇಷ್ಟು ದೊಡ್ಡ ಮನಿ ಕೊಟ್ಟೀನಿ," ಎಂದಳು. ಪೆನ್ಸಿಲ್ ಕುಂಕುಮದ ಹಿಂದೆ ಮೂಲೆ ಹಿಡಿದು ಕುಳಿತಿತ್ತು.

ಮೂರನೆಯ ಸಲವೂ ಬಿಟ್ಟರೆ ಎಂಬ ಅಂಜಿಕೆಗೆ ಅಪೂರ್ವಾ ಮುಂದಿನ ಭಾನುವಾರ ಇಲಿಮರಿ ತರಲೇ ಇಲ್ಲ. ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕ್ ಖಾಲಿ.

ಮೇಲೆ ಮುಚ್ಚಿದ ಹಲಗೆ ಹಾಗೇ ಇತ್ತು. ಹಲಗೆಯ ಮೇಲಿನ ಎರಡು ಇಟ್ಟಿಗೆಗಳೂ ಹಾಗೇ ಇದ್ದವು. ಆದರೆ ಹಲಗೆಯ ಮೂಲೆಯಲ್ಲಿ, ಹಿಂದೆ ಮೀನಿನ ಪಂಪಿನ ವೈರ್ ಹೋಗಲೆಂದು ಅಪ್ಪ ಕೊರೆದಿದ್ದ ತೂತೊಂದಿತ್ತು. ಪೆನ್ಸಿಲ್ ತೂರುವಷ್ಟೇ ದೊಡ್ಡದು.

"ಅಮ್ಮಾ, ಪೆನ್ಸಿಲ್ ಇಲ್ಲ."

"ಜಾಮಿಟ್ರಿ ಬಾಕ್ಸಿನ್ಯಾಗ ನೋಡು."

"ಆ ಪೆನ್ಸಿಲ್ ಅಲ್ಲ."

ಅಮ್ಮ ಊಟದ ಮೇಜಿನ ಕುರ್ಚಿ ಹತ್ತಿದಳು. ಅಪ್ಪ ಮೊದಲೇ ಇನ್ನೊಂದು ಕುರ್ಚಿಯ ಮೇಲಿದ್ದರು. ಹುಡುಕುವ ಕೆಲಸ ಅಪೂರ್ವಾಳ ಪಾಲಿಗೇ ಬಂತು. ಮಂಚದ ಕೆಳಗೆ, ಟಿವಿಯ ಹಿಂದೆ, ಅಕ್ಕಿ ಡಬ್ಬಿಯ ಸಂದಿಯಲ್ಲಿ, ಪರದೆಯ ಮಡಿಕೆಯಲ್ಲಿ ಎಲ್ಲ ಕಡೆ ಟಾರ್ಚ್ ಬಿಟ್ಟು ನೋಡಿದಳು. ಅಪ್ಪ ಮೇಲಿನಿಂದಲೇ, "ಅಲ್ಲಿ ನೋಡು, ಇಲ್ಲಿ ನೋಡು," ಎಂದು ಕೈ ತೋರಿಸುತ್ತಿದ್ದರು.

ಅಮ್ಮನ ಕುರ್ಚಿಯ ಕೆಳಗೆ ಬಗ್ಗಿದಾಗ ಅಮ್ಮನ ಪಾದಗಳು ಅವಳ ಮೂಗಿನ ಮುಂದೆಯೇ ಬಂದವು. ಎಡಗಾಲಿನ ಕಿರುಬೆರಳು ಎಂದಿನಂತೆ ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಅದಕ್ಕೆ ಅಪೂರ್ವಾ ಪಿಗ್ಗಿಬ್ಯಾಕ್ ಬೆರಳು ಎಂದು ಹೆಸರಿಟ್ಟು, ಶಾಲೆಗೆ ಕರೆದೊಯ್ಯುವ ಪೂಲ್ ಕಾರಿನ ಮಕ್ಕಳಿಗೆಲ್ಲ ಹೇಳಿ ನಗಿಸಿದ್ದಳು. ಇಂದು ಅದನ್ನು ನೋಡಿ ನಗು ಬರಲಿಲ್ಲ.

ಕೆಳಗೆ ಪೂಲ್ ಕಾರ್ ಹಾರ್ನ್ ಹೊಡೆಯಿತು.

"ನಾ ಹೋಗಂಗಿಲ್ಲ. ಅವನು ಯಾರದಾದ್ರೂ ಕಾಲಾಗ ಸಿಕ್ಕು ಸತ್ರ?" ಅಪೂರ್ವಾ ಮತ್ತೆ ಮಂಚದ ಕೆಳಗೆ ಟಾರ್ಚ್ ಬಿಟ್ಟಳು. "ಅವನು ಏನೂ ತಿಂದಿಲ್ಲ ಅಮ್ಮಾ. ನಾ ಪ್ರಾಮಿಸ್ ಮಾಡಿದ್ದೆ."

"ನಾ ಈ ಕುರ್ಚಿ ಬಿಟ್ಟು ಇಳಿಯಂಗಿಲ್ಲ. ಯಾರ ಕಾಲೂ ತುಳಿಯಂಗಿಲ್ಲ. ನೀ ಹೋಗು, ಬೂಟು ಹಾಕ್ಕೋ," ಎಂದಳು ಅಮ್ಮ.

ಅಪೂರ್ವಾ ಮೂಗು ಒರೆಸಿಕೊಳ್ಳುತ್ತ ಬಾಗಿಲ ಬಳಿ ಕುಳಿತು ಬೂಟು ಎಳೆದುಕೊಂಡಳು. ಹಾಕಿಕೊಳ್ಳುವ ಮೊದಲು ಒಳಗೆ ಕೈ ಹಾಕಿ ಕಾಗದದ ಉಂಡೆಯನ್ನು ತುದಿಗೆ ಒತ್ತುವುದು ಅವಳ ಅಭ್ಯಾಸ. ಇಲ್ಲದಿದ್ದರೆ ಅದು ಬೆರಳಿಗೆ ಚುಚ್ಚುತ್ತಿತ್ತು. ಬಲಬೂಟು ಆಯಿತು. ಎಡಬೂಟಿನೊಳಗೆ ಕೈ ಹಾಕಿದಳು.

ಕಾಗದದ ಪಕ್ಕದಲ್ಲಿ ಏನೋ ನುಣ್ಣಗೆ ಇತ್ತು. ತಣ್ಣಗಿತ್ತು. ಅದು ಮೆಲ್ಲಗೆ ಸರಿದು ಇನ್ನೂ ಒಳಕ್ಕೆ ಹೋಯಿತು.

ಅಪೂರ್ವಾ ಕೂಗಲಿಲ್ಲ. ಬೂಟನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ನಡುಮನೆಗೆ ಬಂದಳು. "ಸಿಕ್ಕಿದ," ಎಂದಳು. ಅಪ್ಪ ಕುರ್ಚಿಯಿಂದ ಮೇಜಿಗೆ ಹತ್ತಿದರು.

ಪೆನ್ಸಿಲ್ ಹೊರಗೆ ಬರಲು ಒಪ್ಪಲೇ ಇಲ್ಲ. ಮೂರೂವರೆ ಅಡಿಯ ಬಂಗಲೆ ಬಿಟ್ಟು ಬಂದು, ಬೂಟಿನ ತುದಿಯಲ್ಲಿ, ಅವಳ ಕಾಲು ತಲುಪದ ಆ ಎರಡು ಸೈಜಿನ ಜಾಗದಲ್ಲಿ ಸುರುಳಿ ಸುತ್ತಿ ಕುಳಿತಿತ್ತು. ಟ್ಯಾಂಕಿನಲ್ಲಿ ಅದು ಒಂದು ದಿನವೂ ಹೀಗೆ ಮೈ ಸಡಿಲ ಬಿಟ್ಟು ಮಲಗಿದ್ದನ್ನು ಅವಳು ನೋಡಿರಲಿಲ್ಲ. ಅವಳು ಮೆಲ್ಲಗೆ ಕಾಗದ ಎಳೆದಳು. ಕಾಗದದ ಜೊತೆ ಹಾವೂ ಬಂತು.

ಕಾಗದ ಬಿಡಿಸಿ ನೋಡಿದಳು. ಒಂದು ಮೂಲೆಯಲ್ಲಿ 'ಪೇಜ್ ಟೂ' ಎಂದಿತ್ತು.

ಅಪೂರ್ವಾ ಅಮ್ಮನನ್ನು ನೋಡಿದಳು. ಅಮ್ಮ ಫ್ಯಾನ್ ನೋಡಿದಳು. "ಮೇಜಿನ ಮ್ಯಾಲೆ ಬಿದ್ದಿತ್ತು. ನನಗೇನು ಕನಸು ಬಿದ್ದಿತ್ತೇನು?"

"ಏನು ಬರದಾನ ಓದು," ಎಂದರು ಅಪ್ಪ ಮೇಜಿನ ಮೇಲಿನಿಂದ.

ಇಂಗ್ಲಿಷಿನಲ್ಲಿ ಇದ್ದದ್ದನ್ನು ಅಪೂರ್ವಾ ಅಮ್ಮನಿಗಾಗಿ ಕನ್ನಡ ಮಾಡಿ ಓದಿದಳು. "ಡಬ್ಬಿಯ ಉದ್ದ, ಅಗಲ ಎರಡನ್ನೂ ಕೂಡಿಸಬೇಕು. ಅದು ಹಾವಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚಿದ್ರ ಸಾಕು. ಅಡಗಿಕೊಳ್ಳಲಿಕ್ಕೆ ಎರಡು ಬಿಗಿಯಾದ ಜಾಗ ಬೇಕು. ಮರಿಗೆ ದೊಡ್ಡ ಬಯಲು ಅಂದ್ರ ಅಂಜಿಕಿ, ಎಲ್ಲಾ ಕಡೆಯಿಂದ ಯಾರೋ ಹಿಡೀಲಿಕ್ಕೆ ಬರ್ತಾರ ಅಂತ ಅನ್ನಿಸ್ತದ. ಅಂಜಿದ ಮರಿ ಊಟ ಮಾಡಂಗಿಲ್ಲ. ಬೆಳೆದ ಹಾಗೆ ಡಬ್ಬಿ ಬದಲಿಸಬೇಕು." ಕೊನೆಯ ಸಾಲು ಓದುವಾಗ ಅವಳ ದನಿ ಸಣ್ಣದಾಯಿತು. "ಅಕ್ಕನಿಗೆ ಹೇಳು, ದಯವಿಟ್ಟು ಈಗಲೇ ದೊಡ್ಡದು ಕೊಡಬ್ಯಾಡ್ರಿ ಅಂತ."

ಅಮ್ಮ ಕುರ್ಚಿಯಿಂದ ಇಳಿದಳು. ಬಾಲ್ಕನಿಗೆ ಹೋಗಿ ಕ್ಲಿಪ್ಪುಗಳನ್ನೆಲ್ಲ ನೆಲಕ್ಕೆ ಸುರಿದು ಆ ಪ್ಲಾಸ್ಟಿಕ್ ಡಬ್ಬಿ ತಂದಳು. ಕೊಡುವ ಮೊದಲು ಒಂದು ಕ್ಷಣ ಅದನ್ನು ತನ್ನ ಕೈಯಲ್ಲೇ ಹಿಡಿದುಕೊಂಡಳು.

"ಇಷ್ಟು ಇಕ್ಕಟ್ಟಿನ್ಯಾಗ ಇದ್ರ ಮೈ ಸೊಟ್ಟ ಆಗಂಗಿಲ್ಲೇನ ಅಪ್ಪೀ?"

ಇದೆಂಥ ಪ್ರಶ್ನೆ ಎಂದು ಅಪೂರ್ವಾಗೆ ಅನ್ನಿಸಿತು. ಹಾವು ಇರುವುದೇ ಸೊಟ್ಟಗೆ ಅಲ್ಲವೇ? ಆದರೆ ಅಮ್ಮ ತಮಾಷೆ ಮಾಡುತ್ತಿರಲಿಲ್ಲ.

"ಆಗಂಗಿಲ್ಲ. ಬೆಳೆದ್ರ ನಾವು ಬದಲಿಸ್ತೀವಲ್ಲ."

ಕೆಳಗೆ ಪೂಲ್ ಕಾರ್ ಬಯ್ದುಕೊಂಡು ಹೊರಟುಹೋಯಿತು. ಅಪ್ಪನಿಗೆ ಮೇಜಿನಿಂದ ಇಳಿಯಲು ಒಂದು ಒಳ್ಳೆಯ ಕಾರಣ ಸಿಕ್ಕಿತು. ಅಪೂರ್ವಾಳನ್ನು ಶಾಲೆಗೆ ಬಿಡಲೆಂದು ಅವರು ಸ್ಕೂಟರ್ ಕೀಲಿ ತೆಗೆದುಕೊಂಡು ಎಲ್ಲರಿಗಿಂತ ಮೊದಲು ಮನೆಯಿಂದ ಹೊರಗೆ ಬಿದ್ದರು.

ಸಂಜೆ ಅಪೂರ್ವಾ ಓಣಿಯ ಚಹಾ ಅಂಗಡಿಯಿಂದ ಎರಡು ಮಣ್ಣಿನ ಕಪ್ಪು ತಂದಳು. ತೊಳೆದು, ಅಂಚಿನಲ್ಲಿ ಒಂದೊಂದು ತುಂಡು ಒಡೆದು, ಡಬ್ಬಿಯ ಆ ತುದಿಗೊಂದು ಈ ತುದಿಗೊಂದು ಬೋರಲು ಇಟ್ಟಳು. ಪೆನ್ಸಿಲ್ ಒಂದರೊಳಗೆ ನುಗ್ಗಿತು. ಎರಡು ದಿನ ಅಲ್ಲಿಂದ ಮೂಗಷ್ಟೇ ಹೊರಗೆ ಹಾಕಿತು.

ಬುಧವಾರ ಅವಳು ಮಿತ್ರಾ ಮಾಶಿಯ ಫ್ರೀಜರಿನಿಂದ ಇನ್ನೊಂದು ಇಲಿಮರಿ ತಂದಳು. ಇದು ಮೂರನೆಯ ಸಲ. ಅಮ್ಮ ಈ ಸಲ ಬಾಗಿಲ ಒಳಗೆ ನಿಂತಿದ್ದಳು. ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ಬೆರಳುಗಳ ಸಂದಿ ದೊಡ್ಡದಾಗಿತ್ತು.

ಕಪ್ಪಿನ ಬಾಯಿಂದ ಮೂಗು ಬಂತು. ನಾಲಿಗೆ ಬಂತು, ಹೋಯಿತು, ಮತ್ತೆ ಬಂತು.

ಚಕ್ಕನೆ ಪೆನ್ಸಿಲ್ ಇಲಿಮರಿಯನ್ನು ಕಚ್ಚಿ ಕಪ್ಪಿನೊಳಗೆ ಎಳೆದುಕೊಂಡಿತು.

"ತಿಂತು," ಎಂದಳು ಅಪೂರ್ವಾ. ಅವಳಿಗೆ ಅಳು ಬಂದುಬಿಟ್ಟಿತು, ಖುಷಿಗೆ.

"ಖರೇನ?" ಅಮ್ಮ ಬಂದು ಡಬ್ಬಿಯ ಮೇಲೆ ಬಗ್ಗಿದಳು. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ ಹೆಂಗಸು ಗಂಟಲು ತಗ್ಗಿಸಿ ಹೇಳಿದಳು, "ಸಾವಕಾಶ ತಿನ್ನಪ್ಪಾ, ಅವಸರ ಮಾಡಬ್ಯಾಡ." ಆಮೇಲೆ ಅಪೂರ್ವಾಳ ಕಡೆ ತಿರುಗಿದಳು. "ಇನ್ನೊಂದು ಹಾಕಲೇನು ಕೇಳು."

ಶನಿವಾರ ಸಂಜೆ ಅಮ್ಮ ಸೀರೆ ಬದಲಿಸಿ ಬಂದು, "ನಡಿ, ಬೂಟಿನ ಅಂಗಡಿಗೆ ಹೋಗೋಣು," ಎಂದಳು.

ಅಪೂರ್ವಾ ನಂಬಲಿಲ್ಲ. ಪೂಜೆಗೆ ಇನ್ನೂ ಎಷ್ಟೋ ದಿನ ಇತ್ತು. ಪೂಜೆಗೆ ಮೊದಲು ಬೂಟು ಕೊಳ್ಳುವುದು ಅವರ ಮನೆಯಲ್ಲಿ ನಡೆದದ್ದೇ ಇರಲಿಲ್ಲ. ಅಪ್ಪ ಪೇಪರ್ ಕೆಳಗಿಳಿಸಿ, "ಮೈಯಾಗ ಆರಾಮ ಇದ್ದೀಯಿಲ್ಲೋ?" ಎಂದು ಅಮ್ಮನನ್ನು ಕೇಳಿದರು.

ನಾಗೇರ್ ಬಜಾರಿನ ಅಂಗಡಿಯಲ್ಲಿ ಸೇಲ್ಸ್‌ಮನ್ ಅವಳ ಕಾಲನ್ನು ಅಳತೆಯ ಪಟ್ಟಿಯ ಮೇಲೆ ಇಡಿಸಿ, "ದುಯಿ ನಂಬರ್," ಎಂದ, ಅಂದರೆ ಎರಡು. ಅಪೂರ್ವಾ ಕಣ್ಣು ಮುಚ್ಚಿಕೊಂಡು 'ಚಾರ್', ನಾಲ್ಕು ಎಂಬ ಮಾತಿಗೆ ಕಾದಳು.

ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಎಂಜಲು ನುಂಗಿ, "ದೋ ಹೀ ದೀಜಿಯೆ," ಎಂದು ಎರಡನ್ನೇ ಕೇಳಿದಳು.

ಬೂಟು ಬಂತು. ಕಾಲು ಒಳಗೆ ಹೋಗಿ ಕುಳಿತಿತು. ಎದ್ದು ನಡೆದರೆ ಬೂಟೂ ಜೊತೆಗೇ ನಡೆಯಿತು, ಟಪ್ ಟಪ್ ಎನ್ನಲಿಲ್ಲ. ಅಪೂರ್ವಾ ಅಂಗಡಿಯ ಆ ತುದಿಯಿಂದ ಈ ತುದಿಗೆ ಲೆಫ್ಟ್ ರೈಟ್ ಮಾಡಿದಳು. ಅಮ್ಮ ಮಾತ್ರ ನೆಲದ ಮೇಲೆ ಕುಳಿತು ಬೂಟಿನ ತುದಿಯನ್ನು ಅಲ್ಲಿ ಇಲ್ಲಿ ಒತ್ತಿ ನೋಡುತ್ತಿದ್ದಳು.

"ಬಿಗಿ ಅದ ಏನು? ಖರೇ ಹೇಳು."

"ಇಲ್ಲ."

"ಕಿರುಬೆರಳು?"

"ಇಲ್ಲ ಅಮ್ಮಾ."

"ಮುಂದ ಬಿಗಿ ಆದ್ರ ಹೇಳ್ತೀಯಿಲ್ಲೋ? ಬಾಯಿ ಮುಚ್ಚಿಕೊಂಡು ಇರಬಾರದು."

"ನಾ ಯಾಕ ಬಾಯಿ ಮುಚ್ಚಿಕೊಳ್ಳಲಿ?"

"ನಾ ಮುಚ್ಚಿಕೊಂಡಿದ್ದೆ," ಎಂದಳು ಅಮ್ಮ, ಬೂಟಿನ ಲೇಸು ಸರಿ ಮಾಡುತ್ತ. "ನಮ್ಮಕ್ಕನ ಹಳೇ ಬೂಟು ನನಗ ಬರ್ತಿದ್ದು. ಅಕ್ಕನ ಪಾದ ಸಣ್ಣು, ನಂದು ದೊಡ್ಡು. ಬೆರಳು ಮಡಚಿಕೊಂಡು ಐದು ವರ್ಷ ಶಾಲಿಗೆ ಹೋದೆ. ಹೇಳಿದ್ರ ಅಪ್ಪಗ ತ್ರಾಸು ಅಂತ ಹೇಳಲಿಲ್ಲ." ಇಂದು ಬದನೆಕಾಯಿ ಚೆನ್ನಾಗಿರಲಿಲ್ಲ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿ, "ಇನ್ನೊಂದು ಕಾಲು ಚಾಚು," ಎಂದಳು.

ಅಪೂರ್ವಾ ಕಾಲು ಚಾಚಲಿಲ್ಲ. ಅಮ್ಮನ ಚಪ್ಪಲಿಯಲ್ಲಿ ಆ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಅದು ತಾನಾಗಿ ಹತ್ತಿದ್ದಲ್ಲ. ಅದಕ್ಕೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಪೂಲ್ ಕಾರಿನಲ್ಲಿ ಎಲ್ಲರೂ ನಕ್ಕದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಬಹಳ ನಾಚಿಕೆಯಾಯಿತು. ಮಡಚಿ ಹೊಲಿದ ಸ್ಕರ್ಟು, ರೇನ್‌ಕೋಟು, ಮೂರೂವರೆ ಅಡಿಯ ಟ್ಯಾಂಕು ಎಲ್ಲ ಒಂದರ ಹಿಂದೊಂದು ನೆನಪಾದವು.

ಅವಳು ಬೂಟು ಬಿಚ್ಚಿದಳು. "ಅಂಕಲ್, ತೀನ್ ನಂಬರ್ ದಿಖಾಯಿಯೆ."

"ಯಾಕ? ಎರಡು ಸರಿ ಬರ್ತದಲ್ಲ," ಎಂದಳು ಅಮ್ಮ.

ಮೂರು ನಂಬರ್ ಬಂತು. ದಪ್ಪ ಸಾಕ್ಸ್ ಹಾಕಿದರೆ ಹಾರದಂತಿತ್ತು. ಅಮ್ಮ ತುದಿ ಒತ್ತಿ ನೋಡಿ ಅನುಮಾನದಿಂದ ತಲೆ ಎತ್ತಿದಳು. "ಒಂದು ಬೆರಳು ಜಾಗ ಉಳೀತದ."

"ಇರ್ಲಿ ಬಿಡು. ಬೆಳಿಯೋ ಕಾಲು."

ಅಮ್ಮ ಅವಳನ್ನೇ ನೋಡಿದಳು. ಆಮೇಲೆ ಮುಖ ಅರಳಿಸಿ, "ಹಂಗಾದ್ರ ನಾಲ್ಕು..." ಎಂದು ಶುರು ಮಾಡಿದಳು.

"ಮೂರು," ಎಂದಳು ಅಪೂರ್ವಾ.

ಹೊಸ ಬೂಟು ಕಾಲಿನಲ್ಲೇ ಉಳಿಯಿತು. ಖಾಲಿ ಡಬ್ಬಿಯನ್ನು ಅಪೂರ್ವಾ ಕಂಕುಳಲ್ಲಿ ಇಟ್ಟುಕೊಂಡು ಬೀದಿಗೆ ಬಂದಳು. "ಅಮ್ಮಾ, ಇದು ಪೆನ್ಸಿಲ್‌ಗೆ ಆಗ್ತದೇನು?"

ಅಮ್ಮ ಡಬ್ಬಿಯ ಉದ್ದ, ಅಗಲ ಎರಡನ್ನೂ ಗೇಣು ಹಾಕಿ ನೋಡಿದಳು. "ಬ್ಯಾಡ. ಅವನಿಗೆ ಈಗ ದೊಡ್ಡದಾಗ್ತದ," ಎಂದಳು.

ಶನಿವಾರದ ಸಂಜೆ, ಬಜಾರಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಪೂರ್ವಾ ಬಲಗಡೆಯಿಂದ ಸುತ್ತಿ ಅಮ್ಮನ ಎಡಗಡೆಗೆ ಬಂದಳು. ಆ ಕಿರುಬೆರಳನ್ನು ಯಾರೂ ತುಳಿಯದಂತೆ, ಹೊಸ ಬೂಟನ್ನು ಒಂದಿಷ್ಟು ಅಗಲಕ್ಕೆ ಇಡುತ್ತ ಮನೆಯವರೆಗೂ ನಡೆದಳು.